ಮೂರನೇ ಕುಟೀರದ ನೆಂಟರು

ಅವಳಿಗೆ ಪತ್ತೇದಾರಮ್ಮ ಅಂತ ಹೆಸರಿಟ್ಟವರು ಪಾರ್ಕಿನ ಟಿಕೆಟ್ ಕಿಟಕಿಯ ಹುಡುಗಿಯರು. ಹೆಸರು ಅಂಟಿದ್ದೇನೋ ಸರಿಯಾದವಳಿಗೇ. ಎದುರುಮನೆ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಹೆಚ್ಚಿಗೆ ಕಂಡರೆ ಸಾಕು, ಬಂದವರು ಯಾರು, ಯಾಕೆ ಬಂದರು, ಎಷ್ಟು ದಿನ ಇರುತ್ತಾರೆ ಅಂತ ತಿಳಿಯುವವರೆಗೆ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಹಾಗಂತ ಚಾಡಿ ಹೇಳುವವಳಲ್ಲ. ತಿಳಿದದ್ದನ್ನು ಊರಿಗೆಲ್ಲ ಡಂಗುರ ಹೊಡೆಯುವ ಚಪಲ ಅವಳಿಗಿರಲಿಲ್ಲ. ಸಂಜೆ ಮನೆಗೆ ಹೋಗಿ ಗಂಡನೊಬ್ಬನಿಗೆ ಹೇಳಿಬಿಟ್ಟರೆ ಹೊಟ್ಟೆ ಹಗುರಾಗುತ್ತಿತ್ತು. ಗಂಡ ಕೈಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ತಲೆ ಎತ್ತದೆ, ಅವಳು ಹೇಳಿದ್ದನ್ನೆಲ್ಲ ಕೇಳಿ, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ. ಆ ಒಂದು ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರುತ್ತಿರಲಿಲ್ಲ. ಮರುದಿನ ಅದರ ಬೆನ್ನು ಹತ್ತುತ್ತಿದ್ದಳು.

ಅವಳು ಪಾರ್ಕಿನ ಕೆಲಸಕ್ಕೆ ಸೇರಿದ್ದೂ ಕುತೂಹಲಕ್ಕೇ. ಮೊದಲು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಆರು ವರ್ಷದ ಹಿಂದೆ, ಊರ ಹೊರಗಿನ ಆ ದೊಡ್ಡ ಆಟದ ಪಾರ್ಕಿನವರು ಹನ್ನೆರಡು ಕೋಣೆಗಳಿಗೆ ಪರದೆ ಹೊಲಿದುಕೊಡಲು ಹೇಳಿಕಳಿಸಿದರು. ಟೇಪು ಹಿಡಿದು ಅಳತೆಗೆ ಹೋದಳು. ದೈತ್ಯ ಚಕ್ರ, ನೀರಿನ ಜಾರುಬಂಡೆ, ಕಿರುಚಾಟದ ರೈಲು ಎಲ್ಲದರ ನಡುವೆ, ನಾಲ್ಕು ಮರಗಳ ನೆರಳಲ್ಲಿ, ಮರದ ಹಲಗೆಯ ಹನ್ನೆರಡು ಪುಟ್ಟ ಕೋಣೆಗಳು. ಒಳಗೆ ಎರಡು ಒರಗು ಮಂಚ, ಆರು ಕುರ್ಚಿ, ಒಂದು ಫ್ಯಾನು, ತಣ್ಣೀರಿನ ಪೆಟ್ಟಿಗೆ. ಮುಂಭಾಗಕ್ಕೆ ಬಾಗಿಲಿಲ್ಲ, ಪರದೆ. ಫಲಕದಲ್ಲಿ 'ವಿಶ್ರಾಂತಿ ಕುಟೀರ' ಅಂತ ಬರೆದಿತ್ತು.

"ಇದು ಯಾರಿಗೆ?" ಅಂದಳು.

"ದುಡ್ಡು ಕೊಟ್ಟು ಮೊದಲೇ ಕಾಯ್ದಿರಿಸಿದವರಿಗೆ," ಅಂದ ಸೂಪರ್‌ವೈಸರು. "ಇಡೀ ದಿನ ಅವರದೇ."

"ಏನು ಮಾಡ್ತಾರೆ ಒಳಗೆ?"

"ಕೂತ್ಕೋತಾರೆ."

ಬಾಡಿಗೆ ಎಷ್ಟು ಅಂತ ಕೇಳಿದಾಗ ಅವಳ ಕೈಯಲ್ಲಿದ್ದ ಟೇಪು ಸರ್ರನೆ ಸುರುಳಿ ಬಿಚ್ಚಿ ನೆಲಕ್ಕೆ ಬಿತ್ತು. ಆಟ ಆಡಲು ಟಿಕೆಟ್ ತೆಗೆದು ಒಳಗೆ ಬಂದು, ಆಟ ಆಡದೆ ಕೂತುಕೊಳ್ಳಲು ಮತ್ತೆ ಅದಕ್ಕಿಂತ ಹೆಚ್ಚು ದುಡ್ಡು! ಮನೆಯಲ್ಲಿ ಕೂತರೆ ಬಿಟ್ಟಿ ಅಲ್ಲವೇ? ಇಂಥ ಜನ ಹೇಗಿರುತ್ತಾರೆ ಅಂತ ನೋಡಲೇಬೇಕು ಅನ್ನಿಸಿತು. ಪರದೆ ತೂಗುಹಾಕಿದ ದಿನವೇ ಸೂಪರ್‌ವೈಸರನ್ನು ಕೇಳಿದಳು, "ಇವನ್ನ ನೋಡಿಕೊಳ್ಳೋಕೆ ಯಾರಾದರೂ ಬೇಕಲ್ವಾ?"

ಬೇಕಿತ್ತು. ಹೀಗೆ ಅವಳು ಕುಟೀರಗಳ ಉಸ್ತುವಾರಿಗೆ ನಿಂತಳು. ಬೆಳಿಗ್ಗೆ ಹಾಸು ಒದರಿ ಹಾಕುವುದು, ನೀರು ತುಂಬಿಸುವುದು, ಕಾಯ್ದಿರಿಸಿದವರು ಬಂದರೆ ಒಂದು ಕುಟೀರಕ್ಕೆ ಎಂಟರಂತೆ ನೀಲಿ ಕೈಪಟ್ಟಿ ಕೊಡುವುದು, ಪಟ್ಟಿ ಇಲ್ಲದವರನ್ನು ಒಳಗೆ ಬಿಡದಿರುವುದು. ಪಟ್ಟಿಯೂ ಅವಳೇ ಹೊಲಿದದ್ದು, ಗುಂಡಿ ಇಟ್ಟ ಬಟ್ಟೆಯದು. ಸಂಜೆ ವಾಪಸು ಕೊಟ್ಟರೆ ಒಗೆದು ಮತ್ತೆ ಬಳಸಬಹುದು.

ಆರು ವರ್ಷ ನೋಡಿದ ಮೇಲೆ ಅವಳಿಗೆ ಒಂದು ವಿಷಯ ಖಾತ್ರಿಯಾಗಿತ್ತು: ವಿಶ್ರಾಂತಿಗೆ ಅಂತ ಬಂದವರು ವಿಶ್ರಾಂತಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ. ಫೋನಿಗೆ ಚಾರ್ಜು ಹಾಕಿ ಅದರ ಪಕ್ಕದಲ್ಲೇ ಕಾವಲು ಕೂರುತ್ತಾರೆ. ಮಕ್ಕಳ ಒದ್ದೆ ಬಟ್ಟೆ ಹರವಿ ಕುಟೀರವನ್ನೇ ಅಗಸರ ಅಂಗಳ ಮಾಡುತ್ತಾರೆ. ಅಣ್ಣತಮ್ಮಂದಿರು ಹತ್ತು ವರ್ಷದ ಹಳೆಯ ಜಗಳವನ್ನು ಇಲ್ಲಿಗೆ ಹೊತ್ತು ತಂದು, ಫ್ಯಾನಿನ ಗಾಳಿಯಲ್ಲಿ ಆರಾಮಾಗಿ ಮುಂದುವರಿಸುತ್ತಾರೆ. ದಿನವಿಡೀ ಒಬ್ಬರೂ ಒಳಗೆ ಕಾಲಿಡದೆ ಬರೀ ಚೀಲಗಳನ್ನು ಮಲಗಿಸಿ ಹೋಗುವವರಂತೂ ಲೆಕ್ಕವಿಲ್ಲ. "ಆ ಚೀಲಗಳ ಪುಣ್ಯ ನೋಡ್ರೀ," ಅಂತ ಗಂಡನಿಗೆ ಹೇಳಿ ನಕ್ಕಿದ್ದಳು.

ಮೂರನೇ ಕುಟೀರದ ಸಂಗತಿ ಶುರುವಾದದ್ದು ಬಿಸಿಲಿನ ದಿನಗಳ ಒಂದು ಶನಿವಾರ. ಅರವತ್ತು ದಾಟಿದ ಹೆಂಗಸೊಬ್ಬರು ಗೇಟು ತೆರೆಯುತ್ತಿದ್ದಂತೆ ಬಂದರು. ಗಟ್ಟಿ ಮೈಕಟ್ಟು, ಬಿಗಿಯಾಗಿ ಸುತ್ತಿದ ಬಿಳಿ ತುರುಬು, ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಫ್ಲಾಸ್ಕು. ಎಂಟು ಜನಕ್ಕೆ ಅಂತ ಕಾಯ್ದಿರಿಸಿದ್ದರು, ಬಂದದ್ದು ಒಬ್ಬರೇ.

"ಉಳಿದವರು, ದೊಡ್ಡಮ್ಮ?" ಅಂತ ಪತ್ತೇದಾರಮ್ಮ ಕೇಳಿದಳು.

"ಬರ್ತಾರೆ, ಹಿಂದೆ ಇದಾರೆ," ಅಂತ ದೊಡ್ಡಮ್ಮ ಎಂಟೂ ಪಟ್ಟಿ ಎಣಿಸಿ ತೆಗೆದುಕೊಂಡರು. ಒರಗು ಮಂಚವನ್ನು ಪರದೆಗೆ ಬೆನ್ನು ಮಾಡಿ ತಿರುಗಿಸಿದರು. ಚೀಲದಿಂದ ಒಗೆದು ಮಡಿಚಿದ ಮೆತ್ತನೆಯ ಬಟ್ಟೆಗಳನ್ನು ತೆಗೆದು ಜೋಡಿಸಿದರು. ಆಮೇಲೆ ಹೊರಗೆ ಹೋದರು.

ಹತ್ತು ನಿಮಿಷಕ್ಕೆ ಮಗು ಎತ್ತಿಕೊಂಡ ಒಬ್ಬ ಹುಡುಗಿಯ ಜೊತೆ ಬಂದರು. "ನನ್ನ ಸೊಸೆ," ಅಂದರು. ಆಯಿತು. ಅರ್ಧ ಗಂಟೆಗೆ ಆ ಸೊಸೆ ಹೋದಳು, ಇನ್ನೊಬ್ಬಳು ಬಂದಳು. "ತಂಗಿ ಮಗಳು." ಅವಳ ಹಿಂದೆಯೇ ತುಂಬು ಬಸುರಿ ಒಬ್ಬಳು. "ನಾದಿನಿಯ ಸೊಸೆ." ಮಧ್ಯಾಹ್ನದ ಹೊತ್ತಿಗೆ ಓರಗಿತ್ತಿ, ಅತ್ತಿಗೆ, ಬೀಗಿತ್ತಿ, ಸೋದರತ್ತೆಯ ಮೊಮ್ಮಗಳು ಎಲ್ಲರೂ ಬಂದು ಹೋದರು. ಒಳಗೆ ಒಂದು ಹೊತ್ತಿಗೆ ಎಂಟು ಜನ ಯಾವತ್ತೂ ಮೀರಲಿಲ್ಲ, ಎಲ್ಲರ ಕೈಯಲ್ಲೂ ಪಟ್ಟಿ. ನಿಯಮದ ಪ್ರಕಾರ ಬೆರಳು ತೋರಿಸುವಂತಿಲ್ಲ. ಆದರೆ ಪತ್ತೇದಾರಮ್ಮನ ತಲೆಗೆ ಹುಳ ಬಿಟ್ಟ ಹಾಗಾಯಿತು. ಇಷ್ಟು ದೊಡ್ಡ ಬಳಗ ಒಂದೇ ದಿನ ಪಾರ್ಕಿಗೆ ಬಂದಿದೆ, ಆದರೆ ಒಬ್ಬರಿಗೊಬ್ಬರು ಎದುರಾದಾಗ "ಊಟ ಆಯ್ತಾ" ಅಂತ ಕೂಡ ಕೇಳುವುದಿಲ್ಲ! ಮುನಿಸಿಕೊಂಡ ನೆಂಟರಾದರೂ ಮುಖ ತಿರುಗಿಸುತ್ತಾರೆ. ಇವರು ಬಸ್ಸಿನಲ್ಲಿ ಪಕ್ಕದ ಸೀಟಿನವರ ಹಾಗೆ ಸ್ವಲ್ಪ ನಕ್ಕು ಜಾಗ ಬಿಡುತ್ತಿದ್ದರು.

ಮುಂದಿನ ಶನಿವಾರವೂ ಅದೇ ಕಥೆ. ನೆಂಟರು ಮಾತ್ರ ಹೊಸಬರು. ತಡೆಯಲಾರದೆ, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟ ಒಬ್ಬಳನ್ನು ನಿಲ್ಲಿಸಿದಳು.

"ಆ ದೊಡ್ಡಮ್ಮ ನಿಮಗೆ ಏನಾಗಬೇಕು?"

"ಅತ್ತೆ," ಅಂದಳು ಹುಡುಗಿ, ತಟ್ಟನೆ.

"ಗಂಡನ ತಾಯಿಯೋ, ಅಪ್ಪನ ತಂಗಿಯೋ?"

ಹುಡುಗಿ ಮರದ ಕೊಂಬೆ ನೋಡಿದಳು, ಮಗುವಿನ ಟೋಪಿ ನೋಡಿದಳು. "ಎರಡೂ," ಅಂದವಳೇ ಸರಸರ ನಡೆದುಬಿಟ್ಟಳು.

ರಾತ್ರಿ ಇದನ್ನು ಕೇಳಿ ಗಂಡ ಮೊದಲ ಸಲ ಮಸೂರ ತೆಗೆದು ಮೇಜಿನ ಮೇಲಿಟ್ಟ. "ಸೋದರತ್ತೆಯ ಮಗನನ್ನೇ ಮದುವೆಯಾದರೆ ಎರಡೂ ಆಗಬಹುದಲ್ಲ?"

"ಆಗಬಹುದು ರೀ. ಆದರೆ ಅದನ್ನ ಹೇಳೋಕೆ ಯಾರಾದರೂ ಮರ ನೋಡ್ತಾರಾ?"

ಮೂರನೇ ಶನಿವಾರ ಅವಳು ಪೊರಕೆ ಹಿಡಿದು, ಕಸ ಗುಡಿಸುವ ನೆಪದಲ್ಲಿ ದೊಡ್ಡಮ್ಮನ ಹಿಂದೆ ಹೊರಟಳು. ದೊಡ್ಡಮ್ಮ ನೇರ ಪುಟಾಣಿ ರೈಲಿನ ಸಾಲಿಗೆ ಹೋದರು. ಸಾಲು ಹಾವಿನ ಹಾಗೆ ಮೂರು ಸುತ್ತು ಸುತ್ತಿತ್ತು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಪಾದಗಳನ್ನು ನೋಡುತ್ತಿದ್ದರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವವರು, ಹಿಮ್ಮಡಿ ಎತ್ತಿ ನಿಂತವರು, ಚಪ್ಪಲಿ ಬಿಟ್ಟು ಬೆರಳು ಮಡಿಸುವವರು. ಅಂಥ ಒಬ್ಬಳ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಅಂದರು. ಅವಳು ಅನುಮಾನದಿಂದ ನೋಡಿದಳು, ಗಂಡನನ್ನು ನೋಡಿದಳು, ಅಳುತ್ತಿದ್ದ ಮಗುವನ್ನು ನೋಡಿದಳು. ಆಮೇಲೆ ಕೈ ಮುಂದೆ ಚಾಚಿದಳು. ದೊಡ್ಡಮ್ಮ ಪಟ್ಟಿ ಕಟ್ಟಿ, ಗುಂಡಿ ಹಾಕಿದರು. ಒಂದು ನೆಂಟಸ್ತನ ಅಷ್ಟರಲ್ಲಿ ಕುದುರಿತು.

ತಿರುಗಿದರೆ ಎದುರಿಗೆ ಪೊರಕೆ ಹಿಡಿದ ಪತ್ತೇದಾರಮ್ಮ.

"ದೊಡ್ಡಮ್ಮ, ನಿಮ್ಮ ಬಳಗ ಎಲ್ಲಿಗೆ ಮುಗಿಯುತ್ತೆ?"

ದೊಡ್ಡಮ್ಮ ಗಾಬರಿಯಾಗಲಿಲ್ಲ. "ಮೊದಲು ಇವಳನ್ನ ಕೂರಿಸೋಣ. ಕಾಲು ಬಾತಿದೆ ನೋಡು. ಆಮೇಲೆ ಬೈಯುವಿಯಂತೆ."

ಬೈಯುವುದಕ್ಕಿಂತ ಕೇಳುವುದೇ ಅವಳಿಗೆ ಮುಖ್ಯವಾಗಿತ್ತು. ಕುಟೀರದ ಹಿಂದಿನ ಕಟ್ಟೆಯ ಮೇಲೆ ಕೂತು ದೊಡ್ಡಮ್ಮ ಹೇಳಿದರು. ಅವರು ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದವರು. ಹೋದ ವರ್ಷ ಮಗ, ಸೊಸೆ, ಎರಡು ತಿಂಗಳ ಮೊಮ್ಮಗಳ ಜೊತೆ ಈ ಪಾರ್ಕಿಗೆ ಬಂದಿದ್ದರು. ಮಗು ಹಸಿದು ಕಿರುಚಿದಾಗ ಕೂರಲು ಎಲ್ಲೂ ಜಾಗವಿರಲಿಲ್ಲ. ಇದ್ದ ಬೆಂಚುಗಳ ಮೇಲೆಲ್ಲ ಜನ. ಸೊಸೆ ಕೊನೆಗೆ ಶೌಚಾಲಯದೊಳಗೆ ಹೋಗಿ, ನಿಂತುಕೊಂಡೇ ಹಾಲು ಕುಡಿಸಿದಳು. ಹೊರಗಿನಿಂದ ಬಾಗಿಲು ಬಡಿಯುತ್ತಲೇ ಇದ್ದರು.

"ಮನೆಗೆ ಬಂದು ಅವಳು ಚಪ್ಪಲಿ ತೊಳೆದಳು. ಎರಡು ಸಲ ತೊಳೆದಳು. ಆಮೇಲೆ ಎಲ್ಲಿಗೆ ಕರೆದರೂ 'ನೀವು ಹೋಗಿಬನ್ನಿ' ಅಂತಾಳೆ. ಸಾವಿರಾರು ಬಾಣಂತಿಯರನ್ನ ಕೂರಿಸಿ ಎಬ್ಬಿಸಿದವಳು ನಾನು. ನನ್ನ ಸೊಸೆಗೆ ಕೂರೋಕೆ ಒಂದು ಮೂಲೆ ಕೊಡೋಕಾಗಲಿಲ್ಲ. ಆವತ್ತು ಈ ಕುಟೀರಗಳನ್ನ ನೋಡಿದ್ದೆ. ಒಳಗೆ ಬರೀ ಚೀಲ ಮಲಗಿತ್ತು."

"ಬಂದವರ ಹತ್ತಿರ ಏನು ತಗೋತೀರಿ?"

"ಆದವರು ಬಾಡಿಗೆಯಲ್ಲಿ ಪಾಲು ಕೊಡ್ತಾರೆ. ಆಗದವರು ಕೊಡೋದಿಲ್ಲ."

"ಉಳಿದರೆ?"

"ಇನ್ನೂ ಉಳಿದಿಲ್ಲ. ಉಳಿದ ದಿನ ನಿನಗೆ ಹೇಳಿಕಳಿಸ್ತೀನಿ."

ಪತ್ತೇದಾರಮ್ಮ ಅಡಕತ್ತರಿಯಲ್ಲಿ ಸಿಕ್ಕಿದಳು. ಹೇಳಿದರೆ ದೊಡ್ಡಮ್ಮನಿಗೆ ಗೇಟ್‌ಪಾಸ್, ಹೇಳದಿದ್ದರೆ ನಾಳೆ ತನಗೇ. ಸಂಜೆ ಎಲ್ಲವನ್ನೂ ಗಂಡನ ಮುಂದೆ ಸುರಿದಳು. ಅವನು ಒಂದು ಪುಟ್ಟ ಚಕ್ರವನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತೋರಿಸುತ್ತ ಕೇಳಿದ: "ಉಳಿದ ಹನ್ನೊಂದು ಕುಟೀರದಲ್ಲಿ ಜನ ದಿನಕ್ಕೆ ಎಷ್ಟು ಹೊತ್ತು ಇರ್ತಾರೆ?"

ಆರು ವರ್ಷದಿಂದ ನೋಡುತ್ತಿದ್ದಳು, ಹೊತ್ತಿನ ಲೆಕ್ಕ ಮಾತ್ರ ಇಟ್ಟಿರಲಿಲ್ಲ.

ಮರುದಿನದಿಂದ ಹೊಲಿಗೆಯ ಅಳತೆ ಬರೆಯುತ್ತಿದ್ದ ಹಳೆಯ ಪುಸ್ತಕ ಅವಳ ಸೊಂಟ ಸೇರಿತು. ಯಾವ ಕುಟೀರ, ಎಷ್ಟು ಗಂಟೆಗೆ ಒಳಗೆ, ಎಷ್ಟಕ್ಕೆ ಹೊರಗೆ, ಏನು ಮಾಡಿದರು ಅಂತ ತನಗೊಬ್ಬಳಿಗೇ ಅರ್ಥವಾಗುವ ಹಾಗೆ ಗೀಚಿಕೊಂಡಳು. ಬರೆಯುತ್ತ ಬರೆಯುತ್ತ ಅವಳಿಗೇ ಸೋಜಿಗ. ಪಾರ್ಕು ತೆರೆದಿರುವುದು ಒಂಬತ್ತು ಗಂಟೆ. ಐದನೇ ಕುಟೀರದಲ್ಲಿ ಮನುಷ್ಯರು ಇದ್ದದ್ದು ನಲವತ್ತು ನಿಮಿಷ. ಏಳನೆಯದರಲ್ಲಿ ಒಂದೂವರೆ ಗಂಟೆ, ಅದರಲ್ಲೂ ಅರ್ಧ ಜಗಳ. ಮೂರನೆಯದು ಮಾತ್ರ ಶನಿವಾರಗಳಲ್ಲಿ ಒಂದು ಗಳಿಗೆಯೂ ಖಾಲಿ ಇರಲಿಲ್ಲ. ಇನ್ನೊಂದು ವಿಷಯವೂ ಕಂಡಿತು: ಅಲ್ಲಿಗೆ ಬಂದ ತಾಯಂದಿರಿಗೆ ಅರ್ಧ ಗಂಟೆ ಸಾಕಾಗುತ್ತಿತ್ತು. ಮಗು ಕುಡಿದು ಮಲಗಿದರೆ, ಪಾದ ಸ್ವಲ್ಪ ಮೇಲಿಟ್ಟರೆ, ಎದ್ದು ಹೊರಡುತ್ತಿದ್ದರು. ಇಡೀ ದಿನದ ಕೋಣೆ ಯಾರಿಗೂ ಬೇಕಾಗಿರಲಿಲ್ಲ.

ಹೀಗೆ ಐದು ವಾರ ಕಳೆಯಿತು. ಆರನೆಯದು ರಜೆಯ ಶನಿವಾರ. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ನಾಲ್ಕನೇ ಕುಟೀರದವರು ಪಕ್ಕದಲ್ಲಿ ಮಕ್ಕಳ ಅಳು ಜಾಸ್ತಿಯಾಯಿತು ಅಂತ ದೂರು ಕೊಟ್ಟರು. ಸೂಪರ್‌ವೈಸರು ವಾಕಿಟಾಕಿ ಹಿಡಿದು ಬಂದ. ಕೆಟ್ಟವನಲ್ಲ, ಮೇಲಿನವರಿಗೆ ಹೆದರುವವನು. ಪರದೆಯ ಹೊರಗೆ ನಿಂತು ಕೆಮ್ಮಿ, "ಒಳಗಿರೋರು ಯಾರ ಕಡೆಯವರು?" ಅಂದ.

ಒಬ್ಬಳು ತಲೆ ಹೊರಗೆ ಹಾಕಿದಳು. "ದೊಡ್ಡಮ್ಮನ ಸೊಸೆ."

ಇನ್ನೊಬ್ಬಳೂ ತಲೆ ಹಾಕಿದಳು. "ನಾನೂ ಸೊಸೆ."

"ನಾನು ದೊಡ್ಡ ಸೊಸೆ," ಅಂದಳು ಮೂರನೆಯವಳು. ನೋಡಿದರೆ ಎಲ್ಲರಿಗಿಂತ ಚಿಕ್ಕವಳು.

ಸೂಪರ್‌ವೈಸರು ದೊಡ್ಡಮ್ಮನ ಕಡೆ ತಿರುಗಿದ. "ಎಷ್ಟು ಜನ ಗಂಡುಮಕ್ಕಳು ನಿಮಗೆ?"

"ಒಬ್ಬ," ಅಂದರು ದೊಡ್ಡಮ್ಮ. ಅವರಿಗೆ ಸುಳ್ಳು ಹೇಳುವ ಅಭ್ಯಾಸ ನೆಂಟಸ್ತನದ ಮಟ್ಟಿಗೆ ಮಾತ್ರ ಇತ್ತು.

ಒಳಗಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೂಪರ್‌ವೈಸರನ ಮುಖ ಕೆಂಪಾಯಿತು. "ನಿಮಗೆ ಇದು ಗೊತ್ತಿತ್ತಾ?" ಅಂತ ಪತ್ತೇದಾರಮ್ಮನನ್ನು ಕೇಳಿದ.

ಗೊತ್ತಿರಲಿಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನಗೆ ಒಂದು ವಿಷಯ ಗೊತ್ತಿಲ್ಲ ಅಂತ ಅವಳು ಜನ್ಮದಲ್ಲಿ ಒಪ್ಪಿಕೊಂಡವಳಲ್ಲ.

"ಗೊತ್ತಿತ್ತು ಸರ್," ಅಂದಳು. "ಇದೊಂದೇ ಅಲ್ಲ, ಹನ್ನೆರಡು ಕುಟೀರದ್ದೂ ಗೊತ್ತು." ಸೊಂಟದಿಂದ ಪುಸ್ತಕ ತೆಗೆದು ಅವನ ಕೈಗಿಟ್ಟಳು. "ಓದಿ ನೋಡಿ. ಕೋಣೆಗಳು ಖಾಲಿ ಇವೆ, ಕಾಲುಗಳು ನೋಯ್ತಿವೆ."

ಅವನು ಓದಲಿಲ್ಲ. ಪುಸ್ತಕ ಕಂಕುಳಿಗೆ ಸೇರಿಸಿದ. ಒಳಗಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಬಂದರು. ಗುಂಡಿ ಬಿಚ್ಚಿ ಪಟ್ಟಿಗಳನ್ನು ದೊಡ್ಡಮ್ಮನ ಕೈಗೆ ಕೊಟ್ಟರು. ದೊಡ್ಡಮ್ಮ ತಮ್ಮ ಬಟ್ಟೆಗಳನ್ನು ಮಡಿಚಿ ಚೀಲಕ್ಕೆ ಹಾಕಿದರು, ಒರಗು ಮಂಚವನ್ನು ಮೊದಲಿದ್ದ ಹಾಗೆ ತಿರುಗಿಸಿಟ್ಟರು, ಪಟ್ಟಿಗಳನ್ನು ಎಣಿಸಿ ಒಪ್ಪಿಸಿದರು. ಇನ್ನು ಮುಂದೆ ನಿಮಗೆ ಕುಟೀರ ಕೊಡುವುದಿಲ್ಲ ಅಂತ ಸೂಪರ್‌ವೈಸರು ಕಡ್ಡಿ ಮುರಿದ ಹಾಗೆ ಹೇಳಿದ. ಪತ್ತೇದಾರಮ್ಮನನ್ನು ಕಳೆದುಹೋದ ವಸ್ತುಗಳ ಕೌಂಟರಿಗೆ ಹಾಕಿದ.

ಅದು ಗೇಟಿನ ಪಕ್ಕದ ಕಿಟಕಿ ಇಲ್ಲದ ಕೋಣೆ. ಶಿಕ್ಷೆ ಅಂತಲೇ ಕಳಿಸಿದ್ದು, ಆದರೆ ಅವಳಿಗೆ ಅಲ್ಲೂ ಹೊತ್ತು ಹೋಯಿತು. ಒಂದು ಜೊತೆ ಕಟ್ಟಿಸಿದ ಹಲ್ಲು ಸಿಕ್ಕಿತ್ತು. ಹಲ್ಲಿಲ್ಲದೆ ಮನೆಗೆ ಹೋದ ಮನುಷ್ಯ ದಾರಿಯಲ್ಲಿ ಒಂದು ಸಲವೂ ಬಾಯಿ ತೆರೆಯಲಿಲ್ಲವೇ? ಹೀಗೆ ಯೋಚಿಸುತ್ತ ಎರಡು ವಾರ ದೂಡಿದಳು. ಆದರೂ ಶನಿವಾರ ಬಂದಾಗ ಮನಸ್ಸು ಕುಟೀರಗಳ ಕಡೆಗೇ ಎಳೆಯುತ್ತಿತ್ತು. ತಾನೇ ಪುಸ್ತಕ ಕೊಟ್ಟು ದೊಡ್ಡಮ್ಮನ ದಾರಿ ಮುಚ್ಚಿದೆನೇನೋ ಅನ್ನುವ ಚುಚ್ಚು ಒಳಗೆ ಇತ್ತು.

ಮೂರನೇ ವಾರ ಒಂದು ಮಧ್ಯಾಹ್ನ ಸೂಪರ್‌ವೈಸರು ಬಂದು ಕೌಂಟರಿನ ಮುಂದೆ ನಿಂತ. ಕೈಯಲ್ಲಿ ಅವಳ ಪುಸ್ತಕ. ಯಾರೋ ಬಿಟ್ಟುಹೋದ ಛತ್ರಿಗಳನ್ನು ನೋಡಿದ. ಆಮೇಲೆ ಪುಟ ತೆರೆದು ಬೆರಳಿಟ್ಟ.

"ಈ 'ನಿ' ಅಂದರೆ ಏನು?"

"ನಿದ್ದೆ."

"'ಜ'?"

"ಜಗಳ."

"'ಹಾ'?"

"ಹಾಲು."

"ಇದೇನು, ಐದನೇ ಕುಟೀರ, 'ಚೀ ಚೀ ಚೀ' ಅಂತ? ಬೈದಿದ್ದಾ?"

"ಅಲ್ಲ ಸರ್, ಚೀಲ. ಮೂರು ಚೀಲ."

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬಿಗಿಯಾಗಿರುವುದೂ ಆಗಲಿಲ್ಲ. ಸ್ಟೂಲು ಎಳೆದು ಕೂತ. ದೊಡ್ಡ ಆಫೀಸಿನವರು, ಕೂರಲು ಜಾಗವಿಲ್ಲ ಅಂತ ಬರುವ ದೂರುಗಳಿಗೆ ಏನು ಮಾಡ್ತೀರಿ ಅಂತ ಕೇಳಿದ್ದಾರಂತೆ. ಹೊಸ ಕಟ್ಟಡಕ್ಕೆ ಜಾಗವಿಲ್ಲ. ಆಗ ಪುಸ್ತಕ ತೆರೆದು ನೋಡಿದನಂತೆ. ಇಬ್ಬರೂ ಸೇರಿ ಎರಡು ಗಂಟೆ ಕೂತು ಪುಟ ತಿರುವಿದರು. ಯಾವ ಹೊತ್ತಿಗೆ ತಾಯಂದಿರು ಹೆಚ್ಚು, ಎಷ್ಟು ಕುಟೀರ ಸಾಕು, ಮಂಚ ಹೇಗಿರಬೇಕು, ಎಲ್ಲ ಅವಳ ಬಾಯಲ್ಲಿ ಸಿದ್ಧವಾಗಿತ್ತು.

ತಿಂಗಳು ಕಳೆಯುವಷ್ಟರಲ್ಲಿ ಮೊದಲ ಮೂರು ಕುಟೀರಗಳ ಮುಂದೆ ಹೊಸ ಫಲಕ ಬಂತು: 'ಅರ್ಧ ಗಂಟೆಯ ವಿಶ್ರಾಂತಿ. ಎಳೆ ಮಕ್ಕಳಿರುವವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ.' ಈ ಯೋಜನೆ ಸೂಪರ್‌ವೈಸರನ ಹೆಸರಲ್ಲಿ ಹೋಗಿತ್ತು, ಅವನಿಗೆ ಹೊಗಳಿಕೆಯ ಕಾಗದವೂ ಬಂತು. ಪತ್ತೇದಾರಮ್ಮನಿಗೆ ಕುಟೀರಗಳು ವಾಪಸು ಸಿಕ್ಕವು. "ನಿನ್ನ ಹೆಸರು ಹೇಳಲಿಲ್ಲವಲ್ಲ, ಬೇಜಾರಾಗಲಿಲ್ವಾ?" ಅಂತ ಗಂಡ ಕೇಳಿದ. ಈ ಒಂದು ಪ್ರಶ್ನೆಗೆ ಮಾತ್ರ ಅವಳ ಹತ್ತಿರ ಉತ್ತರ ಇತ್ತು. "ಸ್ವಲ್ಪ ಆಯ್ತು. ಹೊಗಳಿಕೆ ಕಾಗದದಲ್ಲಿ ಏನು ಬರೆದಿದಾರೆ ಅಂತ ತೋರಿಸಿದ್ದರೆ ಅದೂ ಆಗ್ತಿರಲಿಲ್ಲ."

ರಜೆಯ ದಿನ ಅವಳು ದೊಡ್ಡಮ್ಮನ ಮನೆ ಹುಡುಕಿಕೊಂಡು ಹೋದಳು. ವಿಳಾಸವಿರಲಿಲ್ಲ. ಇಳಿಯುವ ಬಸ್ ನಿಲ್ದಾಣ ಗೊತ್ತಿತ್ತು, ದಾದಿ ಅಂತ ಗೊತ್ತಿತ್ತು; ಅವಳಿಗೆ ಅಷ್ಟು ಸಾಕು. ಎರಡನೇ ಮಹಡಿಯ ಎರಡು ಕೋಣೆಯ ಮನೆ. ನಡೆಯಲು ಕಲಿಯುತ್ತಿದ್ದ ಮೊಮ್ಮಗಳು ಬಾಗಿಲಲ್ಲೇ ಅವಳ ಸೆರಗು ಹಿಡಿದು ನಿಂತಳು. ದೊಡ್ಡಮ್ಮ ಸುದ್ದಿ ಕೇಳಿ, ಫ್ಲಾಸ್ಕು ತೊಳೆಯುವುದನ್ನು ನಿಲ್ಲಿಸದೆ, "ಅರ್ಧ ಗಂಟೆಗೆ ಎಷ್ಟು ಇಟ್ಟಿದಾರೆ?" ಅಂದರು.

ಹೇಳಿದಳು.

"ಜಾಸ್ತಿಯಾಯ್ತು. ಇಬ್ಬರು ಸೇರಿ ತಗೊಂಡರೆ ಆಗುತ್ತೆ," ಅಂದರು. "ಸೇರಿಸೋಕೆ ಒಬ್ಬರು ಬೇಕು, ಅಷ್ಟೇ."

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಸೊಸೆ, ಮೊದಲ ಸಲ ಬಾಯಿ ಬಿಟ್ಟಳು. "ಅಲ್ಲಿ ಪರದೆ ಪೂರ್ತಿ ಮುಚ್ಚುತ್ತಾ?"

"ನಾನೇ ಹೊಲಿದದ್ದು," ಅಂದಳು ಪತ್ತೇದಾರಮ್ಮ. "ಒಂದು ಗೇಣು ಜಾಸ್ತಿ ಇಟ್ಟೇ ಹೊಲಿದೀನಿ. ಬಂದು ನೋಡಿ."

ಮುಂದಿನ ಶನಿವಾರ ಗೇಟಿನಲ್ಲಿ ದೊಡ್ಡಮ್ಮನನ್ನು ಕಂಡ ಸೂಪರ್‌ವೈಸರು ಹುಬ್ಬು ಗಂಟಿಕ್ಕಿದ. ಜೊತೆಯಲ್ಲಿ ಮಗುವನ್ನೆತ್ತಿದ ಸೊಸೆ. "ಇವರು?" ಅಂದ. "ಇವಳು ನಿಜವಾದವಳು," ಅಂದರು ದೊಡ್ಡಮ್ಮ. ಅವನು ಬೇರೆ ಕಡೆ ನೋಡುತ್ತ ದಾರಿ ಬಿಟ್ಟ. ಅರ್ಧ ಗಂಟೆಯೊಳಗೆ ದೊಡ್ಡಮ್ಮ ಪುಟಾಣಿ ರೈಲಿನ ಸಾಲಿನಲ್ಲಿ ಬಗ್ಗಿ ಬಗ್ಗಿ ಪಾದ ನೋಡುತ್ತಿದ್ದದ್ದೂ, ಇಬ್ಬಿಬ್ಬರನ್ನು ಜೋಡಿ ಮಾಡಿ ಕುಟೀರದ ಕಡೆ ಕಳಿಸುತ್ತಿದ್ದದ್ದೂ ಅವನಿಗೆ ಕಾಣಲಿಲ್ಲವೆಂದಲ್ಲ. ಕೇಳಲಿಲ್ಲ, ಅಷ್ಟೇ.

ಮೊಮ್ಮಗಳು ಒಂದನೇ ಕುಟೀರದಲ್ಲಿ ಗಾಢ ನಿದ್ದೆಗೆ ಜಾರಿದಳು. ಸೊಸೆ ಪರದೆಯನ್ನು ಎರಡು ಸಲ ಎಳೆದು ನೋಡಿದಳು, ಸಂದು ಇಲ್ಲ ಅಂತ ಖಾತ್ರಿ ಮಾಡಿಕೊಂಡಳು. ಕುರ್ಚಿಯ ಮೇಲೆ ಸುಮ್ಮನೆ ಕೂತಳು. ಆಮೇಲೆ ಎದ್ದು ಬಂದು, ಮಗುವನ್ನು ಸ್ವಲ್ಪ ನೋಡಿಕೊಳ್ಳುತ್ತೀರಾ ಅಂತ ಪತ್ತೇದಾರಮ್ಮನನ್ನು ಕೇಳಿ, ಒಬ್ಬಳೇ ದೈತ್ಯ ಚಕ್ರದ ಕಡೆ ಹೋದಳು.

ವಾಪಸು ಬಂದಾಗ ಕೂದಲೆಲ್ಲ ಕೆದರಿ ಮುಖ ಅರಳಿತ್ತು. ಆರು ವರ್ಷದಿಂದ ಆ ಚಕ್ರದ ಬುಡದಲ್ಲೇ ಓಡಾಡಿಕೊಂಡಿದ್ದು ಒಮ್ಮೆಯೂ ಹತ್ತದ ಪತ್ತೇದಾರಮ್ಮ ತಡೆಯದೆ ಕೇಳಿದಳು, "ಮೇಲಿಂದ ಏನು ಕಾಣುತ್ತೆ?"

ಸೊಸೆ ಕೂದಲು ಸರಿಮಾಡಿಕೊಂಡಳು. "ಊರೆಲ್ಲ ಕಾಣುತ್ತೆ. ನಿಮ್ಮ ಕುಟೀರಗಳ ಚಾವಣಿಯೂ ಕಾಣುತ್ತೆ. ಒಂಬತ್ತನೆಯದರ ಮೇಲೆ ಯಾರದೋ ಒಂದು ಶೂ ಬಿದ್ದಿದೆ, ಕೆಂಪು ಬಣ್ಣದ್ದು. ಅದರ ಪಕ್ಕ ಇನ್ನೂ ಏನೋ ಇದೆ, ಏನಂತ ಗೊತ್ತಾಗಲಿಲ್ಲ."

ಪತ್ತೇದಾರಮ್ಮ ಮಗುವನ್ನು ತಾಯಿಗೊಪ್ಪಿಸಿ, ಸೆರಗು ಸಿಕ್ಕಿಸಿಕೊಂಡು, ಏಣಿ ತರಲು ಹೊರಟಳು.